ಅಮೆರಿಕದ ವೈದ್ಯರು ಎರಡನೇ ಬೋರ್ಡ್ ಕೇಳಿದ್ದು ಯಾಕೆ: ಒಂದು ಪ್ರಕರಣ ಅಧ್ಯಯನ

2014ರ ಜನವರಿಯಲ್ಲಿ ಅಮೆರಿಕದ ಫಿಸಿಷಿಯನ್‌ಗಳಿಗೆ ಹೊಸ ನಿಯಮವೊಂದು ಬಂತು. ಅದನ್ನು ಮಾಡಿದ್ದು ಸರ್ಕಾರ ಅಲ್ಲ. ಫಿಲಡೆಲ್ಫಿಯಾದಲ್ಲಿರುವ ಒಂದು ಖಾಸಗಿ ಸಂಸ್ಥೆ, ಅಮೆರಿಕನ್ ಬೋರ್ಡ್ ಆಫ್ ಇಂಟರ್ನಲ್ ಮೆಡಿಸಿನ್. ಎಲ್ಲರೂ ಅದನ್ನು ಎಬಿಐಎಂ ಅನ್ನುತ್ತಾರೆ. ಅಲ್ಲಿವರೆಗೆ, ‘ಇವರು ತಜ್ಞರು’ ಅಂತ ಬೋರ್ಡ್ ಕೊಡುವ ಸರ್ಟಿಫಿಕೇಟ್ ಉಳಿಸಿಕೊಳ್ಳುವ ಲೆಕ್ಕಾಚಾರವೆಲ್ಲ ಹತ್ತು ವರ್ಷಕ್ಕೊಮ್ಮೆ ಇರುತ್ತಿತ್ತು. ಇನ್ನು ಮುಂದೆ ಎರಡು ವರ್ಷಕ್ಕೊಮ್ಮೆ ಬೋರ್ಡ್ ಹೇಳಿದ ಯಾವುದಾದರೂ ಕೆಲಸ ಮುಗಿಸಬೇಕು. ಐದು ವರ್ಷದೊಳಗೆ 100 ಅಂಕ ಕೂಡಿಸಬೇಕು. ಹತ್ತು ವರ್ಷದ ದೊಡ್ಡ ಪರೀಕ್ಷೆ ಹೇಗೂ ಇದ್ದೇ ಇದೆ. ಜೊತೆಗೆ ಯಾವ ವೈದ್ಯರು ಇದನ್ನು ಪಾಲಿಸುತ್ತಿದ್ದಾರೆ, ಯಾರು ಪಾಲಿಸುತ್ತಿಲ್ಲ ಅನ್ನುವುದನ್ನು ಬೋರ್ಡ್ ತನ್ನ ವೆಬ್‌ಸೈಟಿನಲ್ಲಿ ಎಲ್ಲರಿಗೂ ಕಾಣುವ ಹಾಗೆ ಹಾಕುತ್ತದೆ.

ಒಂದೇ ವರ್ಷದಲ್ಲಿ ಇದು ದೊಡ್ಡ ಬಂಡಾಯವಾಯಿತು. ಬೋರ್ಡ್ ಕ್ಷಮೆ ಕೇಳಿತು. ಪರ್ಯಾಯವಾಗಿ ಇನ್ನೊಂದು ಬೋರ್ಡ್ ಹುಟ್ಟಿಕೊಂಡಿತು. ರಾಜ್ಯಗಳ ಶಾಸನಸಭೆಗಳು ಕಾನೂನು ಮಾಡಿದವು, ಕೋರ್ಟುಗಳು ತೀರ್ಪು ಕೊಟ್ಟವು. ಇಷ್ಟೆಲ್ಲ ಆದ ಮೇಲೂ ಅಮೆರಿಕದ ಬಹಳಷ್ಟು ವೈದ್ಯರಿಗೆ ನಿಜವಾದ ಆಯ್ಕೆ ಸಿಕ್ಕಿಲ್ಲ. ಯಾಕೆ ಸಿಗಲಿಲ್ಲ ಅಂತ ಹುಡುಕುತ್ತಾ ಹೋದರೆ ಉತ್ತರ ಬೋರ್ಡಿನಲ್ಲಿ ಸಿಗುವುದಿಲ್ಲ. ಅದು ಇರುವುದು ಆಸ್ಪತ್ರೆಗಳ ನಿಯಮ ಪುಸ್ತಕದಲ್ಲಿ. ಈ ಬರಹದ ಮುಖ್ಯ ಮಾತು ಅದೇ.

ಸ್ವಇಚ್ಛೆ ಕಡ್ಡಾಯವಾದ ಬಗೆ

ನಮ್ಮಲ್ಲಿ ಎಂಡಿ ಮಾಡಿದರೆ ಆ ಪದವಿ ಜೀವನಪೂರ್ತಿ ಇರುತ್ತದೆ. ಕರ್ನಾಟಕ ಮೆಡಿಕಲ್ ಕೌನ್ಸಿಲ್‌ನಲ್ಲಿ ಐದು ವರ್ಷಕ್ಕೊಮ್ಮೆ ನೋಂದಣಿ ನವೀಕರಿಸಬೇಕು, ಅದಕ್ಕೆ 30 ಗಂಟೆಯಷ್ಟು ಸಿಎಂಇ (ವೈದ್ಯರ ಮುಂದುವರಿಕೆ ಶಿಕ್ಷಣ) ಅಂಕ ತೋರಿಸಬೇಕು. ಆದರೆ ಮತ್ತೆ ಪರೀಕ್ಷೆಗೆ ಕೂರಿ ಅಂತ ಯಾರೂ ಹೇಳುವುದಿಲ್ಲ. ಅಮೆರಿಕದಲ್ಲಿ ವ್ಯವಸ್ಥೆ ಬೇರೆ. ಚಿಕಿತ್ಸೆ ಮಾಡಲು ಲೈಸೆನ್ಸ್ ಕೊಡುವುದು ಆಯಾ ರಾಜ್ಯ. ಕಾನೂನಿನ ಪ್ರಕಾರ ಅಷ್ಟಿದ್ದರೆ ಸಾಕು. ಅದರ ಮೇಲೆ ‘ಈ ವೈದ್ಯರು ಈ ವಿಭಾಗದ ತಜ್ಞರು’ ಅಂತ ಹೇಳುವುದು ಬೋರ್ಡ್ ಸರ್ಟಿಫಿಕೇಟ್. ಅದನ್ನು ಕೊಡುವುದು ಖಾಸಗಿ ಬೋರ್ಡುಗಳು. ಕಾಗದದ ಮೇಲೆ ಇದು ವೈದ್ಯರ ಇಚ್ಛೆಗೆ ಬಿಟ್ಟದ್ದು.

ಈ ಬೋರ್ಡುಗಳು ಶುರುವಾಗಿದ್ದು ಒಳ್ಳೆಯ ಕಾರಣಕ್ಕೆ. ಇಪ್ಪತ್ತನೇ ಶತಮಾನದ ಮೊದಲ ದಶಕಗಳಲ್ಲಿ ಯಾರು ಬೇಕಾದರೂ ತಮ್ಮನ್ನು ಕಣ್ಣಿನ ತಜ್ಞ, ಕಿವಿಯ ತಜ್ಞ ಅಂತ ಕರೆದುಕೊಳ್ಳಬಹುದಿತ್ತು. ಅದಕ್ಕೆ ತಡೆ ಹಾಕಲು ವೈದ್ಯರೇ ಸೇರಿ ಬೋರ್ಡುಗಳನ್ನು ಕಟ್ಟಿಕೊಂಡರು. ಮೊದಲು ಬಂದದ್ದು ಕಣ್ಣಿನ ವಿಭಾಗದ್ದು. 1933ರಲ್ಲಿ ಇವಕ್ಕೆಲ್ಲ ಒಂದು ಒಕ್ಕೂಟ ಆಯಿತು. ಅದರ ಇವತ್ತಿನ ಹೆಸರು ಅಮೆರಿಕನ್ ಬೋರ್ಡ್ ಆಫ್ ಮೆಡಿಕಲ್ ಸ್ಪೆಷಾಲಿಟೀಸ್, ಅಂದರೆ ಎಬಿಎಂಎಸ್. ಈಗ ಅದರಡಿ 24 ಬೋರ್ಡುಗಳಿವೆ. 1936ರಲ್ಲಿ ಹುಟ್ಟಿದ ಎಬಿಐಎಂ ಅವುಗಳಲ್ಲಿ ಅತಿ ದೊಡ್ಡದು. ಜನರಲ್ ಮೆಡಿಸಿನ್ ಮಾತ್ರ ಅಲ್ಲ, ಹೃದಯ, ಮೂತ್ರಪಿಂಡ, ರಕ್ತ, ಕ್ಯಾನ್ಸರ್, ಸಕ್ಕರೆ ಕಾಯಿಲೆ ನೋಡುವ ತಜ್ಞರೂ ಇದರ ಕೈಕೆಳಗೇ ಬರುತ್ತಾರೆ. ಅಮೆರಿಕದ ವೈದ್ಯರಲ್ಲಿ ಹೆಚ್ಚುಕಡಿಮೆ ನಾಲ್ವರಿಗೆ ಒಬ್ಬರು ಇದರ ಸರ್ಟಿಫಿಕೇಟ್ ಇರುವವರು.

ಹಲವು ದಶಕ ಈ ಸರ್ಟಿಫಿಕೇಟ್ ಒಮ್ಮೆ ಪಡೆದರೆ ಮುಗಿಯಿತು ಅನ್ನುವಂತಿತ್ತು. 1969ರಲ್ಲಿ ಶುರುವಾದ ಫ್ಯಾಮಿಲಿ ಪ್ರಾಕ್ಟೀಸ್ ಬೋರ್ಡ್ ಮೊದಲ ಬಾರಿಗೆ ಅವಧಿ ಹಾಕಿತು. ಎಬಿಐಎಂ 1990ರಿಂದ ಹತ್ತು ವರ್ಷದ ಅವಧಿ ತಂದಿತು. ಅದಕ್ಕೂ ಮೊದಲು ಪಾಸಾದವರದ್ದು ಹಾಗೇ ಜೀವನಪೂರ್ತಿ ಉಳಿಯಿತು. ಇಲ್ಲೊಂದು ವಿಚಿತ್ರ ಆಯಿತು. 1989ರಲ್ಲಿ ಪಾಸಾದ ಹಿರಿಯರು ಮತ್ತೆ ಪರೀಕ್ಷೆ ಬರೆಯಬೇಕಿಲ್ಲ, 1990ರಲ್ಲಿ ಪಾಸಾದ ಕಿರಿಯರು ಬರೆಯಬೇಕು. ಜ್ಞಾನ ಹಳತಾಗುತ್ತದೆ ಅನ್ನುವುದೇ ಕಾರಣವಾದರೆ ಮೊದಲು ಕೂರಬೇಕಾದವರು ಹಿರಿಯರಲ್ವಾ? ಈ ಪ್ರಶ್ನೆಗೆ ಬೋರ್ಡ್ ಒಪ್ಪುವಂಥ ಉತ್ತರ ಕೊಟ್ಟದ್ದನ್ನು ನಾನು ಕಂಡಿಲ್ಲ. 2000ದ ಹೊತ್ತಿಗೆ ಎಬಿಎಂಎಸ್‌ನ ಎಲ್ಲ ಬೋರ್ಡುಗಳೂ ‘ಮೇಂಟೆನೆನ್ಸ್ ಆಫ್ ಸರ್ಟಿಫಿಕೇಶನ್’, ಅಂದರೆ ಸರ್ಟಿಫಿಕೇಟ್ ಉಳಿಸಿಕೊಳ್ಳುವ ನಿರಂತರ ಕಾರ್ಯಕ್ರಮಕ್ಕೆ ಒಪ್ಪಿಕೊಂಡವು. ವೈದ್ಯರ ಬಾಯಲ್ಲಿ ಅದು ಎಂಒಸಿ.

ಇಷ್ಟೇ ಆಗಿದ್ದರೆ ಬೇಡವಾದವರು ಬಿಡಬಹುದಿತ್ತು. ಆದರೆ ಈ ಹೊತ್ತಿಗೆ ಆಸ್ಪತ್ರೆಗಳು ತಮ್ಮ ನಿಯಮಗಳಲ್ಲಿ ಒಂದು ಸಾಲು ಸೇರಿಸಿದ್ದವು: ಇಲ್ಲಿ ರೋಗಿಗಳನ್ನು ದಾಖಲಿಸಿ ನೋಡಬೇಕಾದರೆ ಎಬಿಎಂಎಸ್ ಬೋರ್ಡಿನ ಚಾಲ್ತಿ ಸರ್ಟಿಫಿಕೇಟ್ ಇರಬೇಕು. ವಿಮಾ ಕಂಪನಿಗಳೂ ತಮ್ಮ ಪಟ್ಟಿಗೆ ವೈದ್ಯರನ್ನು ಸೇರಿಸುವಾಗ ಅದನ್ನೇ ಕೇಳತೊಡಗಿದವು. ವಿಮಾ ಪಟ್ಟಿಯಲ್ಲಿ ಇಲ್ಲದ ವೈದ್ಯರ ಹತ್ತಿರ ಅಮೆರಿಕದಲ್ಲಿ ರೋಗಿ ಬರುವುದು ಕಷ್ಟ. ಆಸ್ಪತ್ರೆಯೊಳಗೆ ಕಾಲಿಡಲಾಗದ ಹೃದ್ರೋಗ ತಜ್ಞರು ಆಂಜಿಯೋಪ್ಲಾಸ್ಟಿ ಎಲ್ಲಿ ಮಾಡಬೇಕು? ಹೀಗೆ ಹೆಸರಿಗೆ ಸ್ವಇಚ್ಛೆ, ನಡವಳಿಕೆಯಲ್ಲಿ ಕಡ್ಡಾಯ.

ಅಮೆರಿಕದಲ್ಲಿ ಕೆಲಸ ಮಾಡುವ ಕನ್ನಡಿಗ ವೈದ್ಯರಿಗೂ ಇದೇ ನಿಯಮ. ಇಲ್ಲಿ ಎಂಬಿಬಿಎಸ್ ಓದಿ, ಅಲ್ಲಿ ರೆಸಿಡೆನ್ಸಿ ಅನ್ನುವ ಆಸ್ಪತ್ರೆ ತರಬೇತಿ ಮುಗಿಸಿ, ಬೋರ್ಡ್ ಪರೀಕ್ಷೆ ಪಾಸಾದವರೂ ಮತ್ತೆ ಪುಸ್ತಕ ಹಿಡಿಯಬೇಕು.

ಹಣ, ಸಮಯ ಮತ್ತು ಸಾಕ್ಷ್ಯ

ವೈದ್ಯರ ಸಿಟ್ಟನ್ನು ಬರೀ ಸೋಮಾರಿತನ ಅಂತ ತಳ್ಳಿಹಾಕಿದವರಿದ್ದಾರೆ. ಆದರೆ ಲೆಕ್ಕ ಬೇರೆ ಹೇಳುತ್ತದೆ. 2015ರಲ್ಲಿ ಆನಲ್ಸ್ ಆಫ್ ಇಂಟರ್ನಲ್ ಮೆಡಿಸಿನ್ ಪತ್ರಿಕೆಯಲ್ಲಿ ಬಂದ ಒಂದು ಅಂದಾಜು ಇದೆ. ಹೊಸ ನಿಯಮದ ಪ್ರಕಾರ ಹತ್ತು ವರ್ಷಕ್ಕೆ ಒಬ್ಬ ಫಿಸಿಷಿಯನ್‌ಗೆ ಬೀಳುವ ಸರಾಸರಿ ವೆಚ್ಚ 23,607 ಡಾಲರ್. ರಕ್ತ ಮತ್ತು ಕ್ಯಾನ್ಸರ್ ತಜ್ಞರಿಗೆ ಅದು 40,000 ದಾಟುತ್ತದೆ. ಇದರಲ್ಲಿ ಶುಲ್ಕದ ಪಾಲು ಕಡಿಮೆ. ಹತ್ತರಲ್ಲಿ ಸುಮಾರು ಒಂಬತ್ತು ಪಾಲು ವೈದ್ಯರ ಸಮಯದ ಬೆಲೆ. ದೇಶಕ್ಕೆಲ್ಲ ಸೇರಿ ಹತ್ತು ವರ್ಷದಲ್ಲಿ 570 ಕೋಟಿ ಡಾಲರ್, 3 ಕೋಟಿ 27 ಲಕ್ಷ ಗಂಟೆ. ಅಷ್ಟು ಗಂಟೆ ರೋಗಿಗಳ ಪಾಲಿನಿಂದಲೇ ಹೋಗಬೇಕು ತಾನೇ.

ಅಷ್ಟು ಖರ್ಚಿಗೆ ರೋಗಿಗಳಿಗೆ ಏನು ಸಿಕ್ಕಿತು? 2014ರ ಡಿಸೆಂಬರ್‌ನಲ್ಲಿ ಜಾಮಾ ಪತ್ರಿಕೆ ಎರಡು ಅಧ್ಯಯನ ಪ್ರಕಟಿಸಿತು. ಮೇಲೆ ಹೇಳಿದ 1989–1990ರ ವಿಚಿತ್ರವೇ ಇಲ್ಲಿ ಸಂಶೋಧಕರಿಗೆ ಉಪಯೋಗಕ್ಕೆ ಬಂತು. ಮತ್ತೆ ಪರೀಕ್ಷೆ ಬರೆಯಲೇಬೇಕಾದವರನ್ನೂ ಬರೆಯಬೇಕಿಲ್ಲದವರನ್ನೂ ಅಕ್ಕಪಕ್ಕ ಇಟ್ಟು ನೋಡಬಹುದಿತ್ತು. ಒಂದು ಅಧ್ಯಯನದಲ್ಲಿ, ಸರಿಯಾದ ಹೊರರೋಗಿ ಚಿಕಿತ್ಸೆಯಿಂದ ತಪ್ಪಿಸಬಹುದಾದ ಆಸ್ಪತ್ರೆ ದಾಖಲಾತಿ ಎರಡೂ ಗುಂಪಿನಲ್ಲಿ ಒಂದೇ ಥರ ಇತ್ತು. ಪರೀಕ್ಷೆ ಬರೆಯಬೇಕಾದವರ ರೋಗಿಗಳ ಖರ್ಚು ಮಾತ್ರ ಸ್ವಲ್ಪ ನಿಧಾನವಾಗಿ ಏರಿತ್ತು. ಇನ್ನೊಂದು ಅಧ್ಯಯನ ಮಾಜಿ ಸೈನಿಕರ ನಾಲ್ಕು ಆಸ್ಪತ್ರೆಗಳಲ್ಲಿ ನಡೆಯಿತು. ಚಿಕಿತ್ಸೆಯ ಗುಣಮಟ್ಟದ ಹತ್ತು ಅಳತೆಗಳಲ್ಲೂ ವ್ಯತ್ಯಾಸ ಕಾಣಲಿಲ್ಲ.

ಎಬಿಐಎಂ ಪರವಾಗಿಯೂ ಸಾಕ್ಷ್ಯ ಇದೆ, ಅದನ್ನು ಮುಚ್ಚಿಡಬಾರದು. 2018ರಲ್ಲಿ ಅದೇ ಆನಲ್ಸ್ ಪತ್ರಿಕೆಯಲ್ಲಿ ಬಂದ ಅಧ್ಯಯನದಲ್ಲಿ, ಸರ್ಟಿಫಿಕೇಟ್ ಉಳಿಸಿಕೊಂಡ ವೈದ್ಯರು ಮಧುಮೇಹದ ತಪಾಸಣೆಯಂಥ ಕೆಲವು ಅಳತೆಗಳಲ್ಲಿ ಸ್ವಲ್ಪ ಮುಂದಿದ್ದರು. ಆದರೆ ಬೋರ್ಡ್ ನಡೆಸುವ ಕಾರ್ಯಕ್ರಮದ ಬಗ್ಗೆ ಬೋರ್ಡಿನವರೇ ಅಧ್ಯಯನ ಮಾಡಿದಾಗ ನಾವು ಎಚ್ಚರವಾಗಿ ಓದಬೇಕಾಗುತ್ತದೆ. ಮೊದಲ ಪರೀಕ್ಷೆಗೆ ಬೆಲೆ ಇದೆ ಅಂತ ನಾನೂ ಒಪ್ಪುತ್ತೇನೆ. ಆಮೇಲಿನ ನಿರಂತರ ಕಾರ್ಯಕ್ರಮಕ್ಕೆ, ಅದೂ ಒಂದೇ ಮಾರಾಟಗಾರರಿಂದ ಕೊಳ್ಳಲೇಬೇಕಾದ ಕಾರ್ಯಕ್ರಮಕ್ಕೆ, ಅಷ್ಟೇ ಗಟ್ಟಿಯಾದ ಸಾಕ್ಷ್ಯ ಇಲ್ಲ.

ಇದರ ನಡುವೆ ಹಣದ ಇನ್ನೊಂದು ಸುದ್ದಿ ಹೊರಬಂತು. ಎಬಿಐಎಂಗೆ ಸೇರಿದ ಪ್ರತಿಷ್ಠಾನ 2007ರಲ್ಲಿ ಫಿಲಡೆಲ್ಫಿಯಾದಲ್ಲಿ 23 ಲಕ್ಷ ಡಾಲರಿಗೆ ಒಂದು ಐಷಾರಾಮಿ ಫ್ಲಾಟ್ ಕೊಂಡಿತ್ತು. ಇದನ್ನು ತೆರಿಗೆ ದಾಖಲೆಗಳಿಂದ ಅಗೆದು ತೆಗೆದದ್ದು ವೆಸ್ಟ್‌ಬಿ ಫಿಶರ್ ಅನ್ನುವ ಹೃದ್ರೋಗ ತಜ್ಞರು. ರಾತ್ರಿ ಪಾಳಿ ಮುಗಿಸಿ ಬಂದು ಪರೀಕ್ಷಾ ಶುಲ್ಕ ಕಟ್ಟುವ ವೈದ್ಯರಿಗೆ ಅದನ್ನು ಓದಿ ಹೇಗನಿಸಿರಬೇಕು!

ಸಹಿಯಿಂದ ಹೊಸ ಬೋರ್ಡಿನವರೆಗೆ

ಬಂಡಾಯಕ್ಕೆ ಮುಖವಾದವರು ಪಾಲ್ ಟೀರ್‌ಸ್ಟೈನ್. ಸ್ಯಾನ್ ಡಿಯಾಗೋ ಬಳಿಯ ಲಾ ಹೋಯಾದಲ್ಲಿರುವ ಸ್ಕ್ರಿಪ್ಸ್ ಕ್ಲಿನಿಕ್‌ನ ಹೃದ್ರೋಗ ತಜ್ಞರು. 2014ರಲ್ಲಿ ಅವರು ಆನ್‌ಲೈನ್ ಮನವಿ ಶುರು ಮಾಡಿದರು. ಹೊಸ ನಿಯಮ ಹಿಂದಕ್ಕೆ ತೆಗೆದುಕೊಳ್ಳಿ ಅನ್ನುವುದು ಬೇಡಿಕೆ. ಕೆಲವೇ ತಿಂಗಳಲ್ಲಿ 19,000ಕ್ಕಿಂತ ಜಾಸ್ತಿ ಸಹಿ ಬಿದ್ದವು. ವೈದ್ಯರು ಒಟ್ಟಾಗಿ ಸಹಿ ಹಾಕುವುದು ಸುಲಭದ ಮಾತಲ್ಲ. ಅವರಿಗೆ ಪುರುಸೊತ್ತಿಲ್ಲ, ತಮ್ಮ ಸರ್ಟಿಫಿಕೇಟ್ ಕೊಡುವವರ ಮೇಲೇ ಮಾತಾಡುವ ಅಂಜಿಕೆಯೂ ಇರುತ್ತದೆ.

2015ರ ಜನವರಿಯಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್ ಈ ವಿಷಯದ ಎರಡೂ ಬದಿಗೆ ಜಾಗ ಕೊಟ್ಟಿತು. ಎಂಒಸಿ ವೈದ್ಯರಿಗೂ ರೋಗಿಗಳಿಗೂ ಕೆಟ್ಟದ್ದು ಅಂತ ಟೀರ್‌ಸ್ಟೈನ್ ಬರೆದರು. ಕಾರ್ಯಕ್ರಮ ಸುಧಾರಿಸುತ್ತಿದೆ ಅಂತ ಎಬಿಎಂಎಸ್‌ನವರು ಬರೆದರು. ಅದೇ ತಿಂಗಳು ಟೀರ್‌ಸ್ಟೈನ್ ಮತ್ತು ಜೊತೆಗಾರರು ನ್ಯಾಷನಲ್ ಬೋರ್ಡ್ ಆಫ್ ಫಿಸಿಷಿಯನ್ಸ್ ಅಂಡ್ ಸರ್ಜನ್ಸ್ ಅನ್ನುವ ಹೊಸ ಬೋರ್ಡ್ ತೆರೆದರು. ಚಿಕ್ಕದಾಗಿ ಎನ್‌ಬಿಪಿಎಎಸ್.

ನನಗೆ ಈ ಇಡೀ ಪ್ರಕರಣದಲ್ಲಿ ತುಂಬ ಮುಖ್ಯ ಅನಿಸುವುದು ಈ ಹೆಜ್ಜೆ. ‘ಬೇಡ’ ಅಂತ ಕೂಗುವುದನ್ನು ಬಿಟ್ಟು ‘ಇದರ ಬದಲು ಇದು’ ಅಂತ ಅವರು ಎದುರಿಗೆ ತಂದಿಟ್ಟರು. ಹೊಸ ಬೋರ್ಡಿನ ಷರತ್ತುಗಳನ್ನು ನೋಡಿ. ಮೊದಲು ಎಬಿಎಂಎಸ್‌ನ ಯಾವುದಾದರೂ ಬೋರ್ಡಿನಿಂದ, ಇಲ್ಲವೇ ಆಸ್ಟಿಯೋಪಥಿಕ್ (ಅಮೆರಿಕದ ಇನ್ನೊಂದು ವೈದ್ಯ ಪದವಿ) ವೈದ್ಯರ ಬೋರ್ಡಿನಿಂದ ಒಮ್ಮೆ ಸರ್ಟಿಫಿಕೇಟ್ ಪಡೆದಿರಬೇಕು. ಅಂದರೆ ಕಷ್ಟದ ಮೊದಲ ಪರೀಕ್ಷೆಯಿಂದ ಯಾರಿಗೂ ವಿನಾಯಿತಿ ಇಲ್ಲ. ರಾಜ್ಯದ ಲೈಸೆನ್ಸ್ ಚಾಲ್ತಿಯಲ್ಲಿರಬೇಕು. ಹಿಂದಿನ 24 ತಿಂಗಳಲ್ಲಿ 50 ಗಂಟೆ ಮಾನ್ಯತೆ ಪಡೆದ ಸಿಎಂಇ ಮುಗಿಸಿರಬೇಕು, ಹಳೆಯ ಸರ್ಟಿಫಿಕೇಟ್ ಅವಧಿ ಮೀರಿದ್ದರೆ 100 ಗಂಟೆ. ಎರಡು ವರ್ಷಕ್ಕೆ ಶುಲ್ಕ ಆರಂಭದಲ್ಲಿ 169 ಡಾಲರ್. ಬೇಕಾದ ವಿಷಯವನ್ನು ಬೇಕಾದಲ್ಲಿ ಕಲಿತು ಬನ್ನಿ, ಕಲಿತದ್ದನ್ನು ತೋರಿಸಿ ಅನ್ನುವುದು ಇಲ್ಲಿನ ತತ್ವ.

ಇದರ ದೌರ್ಬಲ್ಯವೂ ಗೊತ್ತಿರಲಿ. ಸಿಎಂಇ ಸಭೆಯ ಹಿಂದಿನ ಸಾಲಿನಲ್ಲಿ ಕೂತು ಮೊಬೈಲ್ ನೋಡಿದವರಿಗೂ ಗಂಟೆ ಸಿಗುತ್ತದೆ. ನಮ್ಮ ಊರಿನ ಸಿಎಂಇಗಳಿಗೆ ಹೋದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕಲಿತದ್ದು ತಲೆಯಲ್ಲಿ ಉಳಿದಿದೆಯಾ ಅಂತ ನೋಡುವ ದಾರಿ ಹೊಸ ಬೋರ್ಡಿನ ಹತ್ತಿರ ಇಲ್ಲ. ಪರೀಕ್ಷೆ ಬೇಕು ಅನ್ನುವವರ ಅತಿ ಬಲವಾದ ವಾದ ಇದು. ಆದರೂ ಇದಕ್ಕೆ ಪರಿಹಾರ ಇನ್ನೂ ಒಳ್ಳೆಯ ಮೂರನೇ ಬೋರ್ಡ್ ಬರಲು ಜಾಗ ಬಿಡುವುದು. ಇರುವ ಒಂದಕ್ಕೇ ಎಲ್ಲರನ್ನೂ ಕಟ್ಟಿಹಾಕಿದರೆ ಆ ಒಂದು ಬೋರ್ಡ್ ಸುಧಾರಿಸಲು ಕಾರಣವೇ ಉಳಿಯುವುದಿಲ್ಲ.

ಸ್ಪರ್ಧೆ ಕಂಡ ಕೂಡಲೇ ಏನಾಯಿತು ನೋಡಿ. 2015ರ ಫೆಬ್ರವರಿ 3ರಂದು ಎಬಿಐಎಂ ಅಧ್ಯಕ್ಷ ರಿಚರ್ಡ್ ಬ್ಯಾರನ್ ಎಲ್ಲ ವೈದ್ಯರಿಗೂ ಪತ್ರ ಬರೆದರು. ನಮ್ಮಿಂದ ತಪ್ಪಾಯಿತು, ಕ್ಷಮಿಸಿ ಅಂತ ನೇರವಾಗಿಯೇ ಹೇಳಿದರು. ವೈದ್ಯರಿಗೆ ಅತಿ ಕಿರಿಕಿರಿ ಮಾಡಿದ್ದ ಪ್ರಾಕ್ಟೀಸ್ ಮೌಲ್ಯಮಾಪನದ, ಅಂದರೆ ಅವರು ಚಿಕಿತ್ಸೆ ಮಾಡುವ ರೀತಿಯನ್ನು ಅಳೆಯುವ ಭಾಗವನ್ನು ಕನಿಷ್ಠ ಎರಡು ವರ್ಷ ನಿಲ್ಲಿಸಿದರು. ಶುಲ್ಕವನ್ನು 2017ರವರೆಗೆ ಏರಿಸುವುದಿಲ್ಲ ಅಂದರು. ವೆಬ್‌ಸೈಟಿನಲ್ಲಿ ವೈದ್ಯರ ಹೆಸರಿನ ಮುಂದೆ ಹಾಕುತ್ತಿದ್ದ ಒಕ್ಕಣೆಯನ್ನೂ ಬದಲಿಸಿದರು. ಮುಂದೆ 2022ರಲ್ಲಿ ಹತ್ತು ವರ್ಷದ ದೊಡ್ಡ ಪರೀಕ್ಷೆಗೆ ಬದಲಿ ದಾರಿಯೂ ಬಂತು: ಮೂರು ತಿಂಗಳಿಗೆ 30 ಪ್ರಶ್ನೆ, ಒಂದೊಂದಕ್ಕೆ ನಾಲ್ಕು ನಿಮಿಷ, ಪುಸ್ತಕ ನೋಡಿ ಮನೆಯಲ್ಲೇ ಉತ್ತರಿಸಬಹುದು. ಒಬ್ಬರೇ ಇದ್ದಷ್ಟು ಕಾಲ ಆಗದೇ ಇದ್ದದ್ದು ಇದು.

ಕಾನೂನಿನ ಒಂದು ಪದ

ಹೊಸ ಬೋರ್ಡ್ ಬಂದರೂ ಆಸ್ಪತ್ರೆ ಒಪ್ಪದಿದ್ದರೆ ಆ ಸರ್ಟಿಫಿಕೇಟ್ ಸುಮ್ನೆ ಗೋಡೆಗೆ ತೂಗುಹಾಕಲು ಮಾತ್ರ. ಹಾಗಾಗಿ ಹೋರಾಟ ರಾಜ್ಯಗಳ ಶಾಸನಸಭೆಗಳ ಕಡೆ ತಿರುಗಿತು.

ಮೊದಲ ಗೆಲುವು ಓಕ್ಲಹೋಮಾದಲ್ಲಿ, 2016ರ ಏಪ್ರಿಲ್‌ನಲ್ಲಿ. ಲೈಸೆನ್ಸ್, ವಿಮೆ ಹಣ, ಕೆಲಸ, ಆಸ್ಪತ್ರೆ ಪ್ರವೇಶ, ಈ ಯಾವುದಕ್ಕೂ ಎಂಒಸಿ ಬೇಕು ಅಂತ ‘ಈ ಕಾಯ್ದೆಯಲ್ಲಿರುವ ಯಾವುದನ್ನೂ ಅರ್ಥ ಮಾಡಿಕೊಳ್ಳಬಾರದು’ ಅನ್ನುವುದು ಅದರ ಸಾರ. ವೈದ್ಯರು ಸಂಭ್ರಮಪಟ್ಟರು. ಆದರೆ ಸಾಲನ್ನು ಇನ್ನೊಮ್ಮೆ ಓದಿ. ಕಾಯ್ದೆ ಎಂಒಸಿ ಕೇಳುವುದಿಲ್ಲ, ಅಷ್ಟೇ. ಆಸ್ಪತ್ರೆ ತಾನಾಗಿ ಕೇಳಬಾರದು ಅಂತ ಅದರಲ್ಲಿ ಎಲ್ಲೂ ಇಲ್ಲ. ಆಸ್ಪತ್ರೆಗಳು ಮೊದಲಿನ ಹಾಗೆಯೇ ಕೇಳಲು ದಾರಿ ಉಳಿಯಿತು.

ಟೆಕ್ಸಸ್ ಇದರಿಂದ ಪಾಠ ಕಲಿತ ಹಾಗೆ ಕಾಣುತ್ತದೆ. 2017ರಲ್ಲಿ ಅಲ್ಲಿ ಸೆನೆಟ್ ಮಸೂದೆ 1148 ತಂದವರು ಡಾನ್ ಬಕಿಂಗ್‌ಹ್ಯಾಮ್, ಸ್ವತಃ ಕಣ್ಣಿನ ವೈದ್ಯೆ. ಈ ಕಾನೂನು 2018ರ ಜನವರಿ 1ರಿಂದ ಜಾರಿಗೆ ಬಂತು. ಎಂಒಸಿ ಇಲ್ಲ ಅನ್ನುವ ಕಾರಣಕ್ಕೆ ಆಸ್ಪತ್ರೆಯಾಗಲಿ ವಿಮಾ ಯೋಜನೆಯಾಗಲಿ ವೈದ್ಯರ ನಡುವೆ ಭೇದ ಮಾಡಬಾರದು ಅಂತ ಅದು ನೇರವಾಗಿ ಹೇಳಿತು. ಎರಡು ಮುಖ್ಯ ವಿನಾಯಿತಿ ಇಟ್ಟಿತು. ಆಸ್ಪತ್ರೆಯ ಯಾವುದೋ ಮಾನ್ಯತೆ ಉಳಿಯಲು ಎಂಒಸಿ ಬೇಕೇ ಬೇಕು ಅಂತಿದ್ದರೆ ಕೇಳಬಹುದು. ಇಲ್ಲವೇ ಅಲ್ಲಿನ ವೈದ್ಯ ಸಿಬ್ಬಂದಿಯೇ ಮತ ಹಾಕಿ ಬೇಕು ಅಂದರೆ ಕೇಳಬಹುದು. ಎರಡನೆಯದು ನನಗೆ ತುಂಬ ಇಷ್ಟವಾದ ಭಾಗ. ಅಧಿಕಾರ ಆಡಳಿತ ಮಂಡಳಿಯ ಕೋಣೆಯಿಂದ ವಾರ್ಡಿನಲ್ಲಿ ಓಡಾಡುವ ವೈದ್ಯರ ಕೈಗೆ ಬಂತು. ಅವರಿಗೆ ಎಂಒಸಿ ಉಪಯೋಗದ್ದು ಅನಿಸಿದರೆ ಇಟ್ಟುಕೊಳ್ಳಲಿ.

ಆಸ್ಪತ್ರೆ ಸಂಘಗಳು, ಬೋರ್ಡುಗಳು ಇಂಥ ಮಸೂದೆಗಳನ್ನು ವಿರೋಧಿಸುತ್ತಲೇ ಬಂದಿವೆ. ತಮ್ಮ ಮಟ್ಟ ತಾವೇ ನಿರ್ಧರಿಸುವ ಸ್ವಾತಂತ್ರ್ಯ ಆಸ್ಪತ್ರೆಗೆ ಇರಬೇಕು ಅನ್ನುವುದು ಅವರ ವಾದ. ಅದರಲ್ಲಿ ಹುರುಳಿದೆ. ಆದರೆ ಊರಿನ ಎಲ್ಲ ಆಸ್ಪತ್ರೆಯೂ ಒಂದೇ ಖಾಸಗಿ ಸಂಸ್ಥೆಯ ಹೆಸರನ್ನು ಬರೆದಿಟ್ಟುಕೊಂಡರೆ ಅದು ಯಾರ ಸ್ವಾತಂತ್ರ್ಯ? ಅಮೆರಿಕದ ನ್ಯಾಯ ಇಲಾಖೆಯ ಸ್ಪರ್ಧಾ ವಿಭಾಗವೂ ಇದನ್ನು ಗಮನಿಸಿತು. 2018ರ ಸೆಪ್ಟೆಂಬರ್‌ನಲ್ಲಿ ಮೇರಿಲ್ಯಾಂಡ್ ರಾಜ್ಯದ ಮಸೂದೆಯೊಂದರ ಬಗ್ಗೆ ಬರೆದ ಪತ್ರದಲ್ಲಿ, ಸರ್ಟಿಫಿಕೇಟ್ ಕೊಡುವ ಅರ್ಹ ಸಂಸ್ಥೆಗಳ ನಡುವೆ ಸ್ಪರ್ಧೆಗೆ ಅನುಕೂಲ ಮಾಡಿಕೊಡುವ ದಾರಿಗಳನ್ನು ಯೋಚಿಸಿ ಅಂತ ಸಲಹೆ ಕೊಟ್ಟಿತು. 2019ರಲ್ಲಿ ಎಬಿಎಂಎಸ್ ತಾನೇ ನೇಮಿಸಿದ ಆಯೋಗ ಕೂಡ, ಆಸ್ಪತ್ರೆಗಳು ಮತ್ತು ವಿಮಾ ಕಂಪನಿಗಳು ಈ ಸರ್ಟಿಫಿಕೇಟನ್ನು ಏಕೈಕ ಮಾನದಂಡ ಮಾಡಿಕೊಳ್ಳಬಾರದು ಅಂದಿತು.

ಕೋರ್ಟಿನಲ್ಲಿ ಮಾತ್ರ ವೈದ್ಯರು ಸೋತರು. 2018ರ ಡಿಸೆಂಬರ್‌ನಲ್ಲಿ ನಾಲ್ವರು ಫಿಸಿಷಿಯನ್‌ಗಳು ಎಬಿಐಎಂ ಮೇಲೆ ಪೆನ್ಸಿಲ್ವೇನಿಯಾದ ಫೆಡರಲ್ ಕೋರ್ಟಿನಲ್ಲಿ ದಾವೆ ಹೂಡಿದರು. ಮೊದಲ ಸರ್ಟಿಫಿಕೇಟ್ ಒಂದು ಸರಕು, ಎಂಒಸಿ ಇನ್ನೊಂದು ಸರಕು, ಒಂದು ಬೇಕಾದರೆ ಇನ್ನೊಂದನ್ನೂ ಕೊಳ್ಳಿ ಅಂತ ಬಲವಂತ ಮಾಡುವುದು ಸ್ಪರ್ಧಾ ಕಾನೂನಿಗೆ ವಿರುದ್ಧ ಅನ್ನುವುದು ಅವರ ವಾದ. ಎರಡೂ ಸೇರಿ ಒಂದೇ ಸರಕು ಅಂತ ಕೋರ್ಟ್ ಹೇಳಿತು. 2021ರಲ್ಲಿ ಮೇಲ್ಮನವಿ ಕೋರ್ಟೂ ಅದನ್ನೇ ಎತ್ತಿಹಿಡಿಯಿತು. ರೇಡಿಯಾಲಜಿ ಬೋರ್ಡಿನ ವಿರುದ್ಧದ ಇಂಥದ್ದೇ ಮೊಕದ್ದಮೆ ಶಿಕಾಗೋದ ಮೇಲ್ಮನವಿ ಕೋರ್ಟಿನಲ್ಲಿ 2022ರಲ್ಲಿ ಬಿದ್ದುಹೋಯಿತು. 1990ಕ್ಕೆ ಮುಂಚಿನವರ ಬಳಿ ಮೊದಲ ಸರ್ಟಿಫಿಕೇಟ್ ಎಂಒಸಿ ಇಲ್ಲದೆ ಇವತ್ತಿಗೂ ಚಾಲ್ತಿಯಲ್ಲಿರುವಾಗ ಎರಡೂ ಒಂದೇ ಹೇಗಾಗುತ್ತದೆ ಅಂತ ನನಗೆ ಅರ್ಥವಾಗಿಲ್ಲ. ಆದರೆ ತೀರ್ಪು ತೀರ್ಪೇ. ಆ ಬಾಗಿಲು ಸದ್ಯಕ್ಕೆ ಮುಚ್ಚಿದೆ.

ಎರಡನೇ ಸುತ್ತು

2023ರ ಜುಲೈನಲ್ಲಿ ಸ್ಯಾನ್ ಡಿಯಾಗೋದ ಇನ್ನೊಬ್ಬ ವೈದ್ಯರು, ರಕ್ತ ಮತ್ತು ಕ್ಯಾನ್ಸರ್ ತಜ್ಞ ಆರನ್ ಗುಡ್‌ಮನ್, ಎಂಒಸಿ ಪೂರ್ತಿ ನಿಲ್ಲಿಸಿ ಅಂತ ಮನವಿ ಶುರು ಮಾಡಿದರು. ಈ ಸಲ ಸಹಿಗಳು 20,000 ದಾಟಿದವು. ಈ ಬಾರಿ ವ್ಯತ್ಯಾಸ ಏನೆಂದರೆ ಬಿಡಿ ವೈದ್ಯರ ಜೊತೆ ದೊಡ್ಡ ಸಂಘಗಳೂ ಬಾಯಿ ತೆರೆದವು. ರಕ್ತರೋಗ ತಜ್ಞರ ರಾಷ್ಟ್ರೀಯ ಸಂಘ ಎಬಿಐಎಂಗೆ ಪತ್ರ ಬರೆಯಿತು. ಸೆಪ್ಟೆಂಬರ್‌ನಲ್ಲಿ ಅಮೆರಿಕನ್ ಕಾಲೇಜ್ ಆಫ್ ಕಾರ್ಡಿಯಾಲಜಿ ಮತ್ತು ಹೃದಯದ ಇತರ ಸಂಘಗಳು ಸೇರಿ, ನಮಗೆ ನಮ್ಮದೇ ಬೋರ್ಡ್ ಬೇಕು ಅಂದವು. ಹೃದ್ರೋಗ ತಜ್ಞರನ್ನು ಎಬಿಐಎಂನಿಂದ ಹೊರತಂದು, ಎಬಿಎಂಎಸ್‌ನೊಳಗೇ ಸ್ವತಂತ್ರ ಬೋರ್ಡ್ ಮಾಡುವ ಯೋಜನೆ ಅದು.

2025ರ ಫೆಬ್ರವರಿಯಲ್ಲಿ ಎಬಿಎಂಎಸ್ ಆ ಅರ್ಜಿಯನ್ನು ತಿರಸ್ಕರಿಸಿತು. ಇರುವ ಬೋರ್ಡುಗಳ ಒಕ್ಕೂಟದ ಬಳಿಯೇ ಹೋಗಿ, ನಿಮ್ಮ ಅತಿ ದೊಡ್ಡ ಸದಸ್ಯನ ಪಾಲು ಕಿತ್ತು ನಮಗೆ ಕೊಡಿ ಅಂತ ಕೇಳಿದರೆ ಇನ್ನೇನಾಗುತ್ತದೆ? ಎನ್‌ಬಿಪಿಎಎಸ್‌ನವರು ಆ ಒಕ್ಕೂಟದ ಒಪ್ಪಿಗೆ ಕಾಯದೆ ಹೊರಗೇ ಕಟ್ಟಿದ್ದು ನಿಧಾನದ ದಾರಿ ನಿಜ. ಆದರೆ 2022ರಲ್ಲಿ ಅಮೆರಿಕದ ಆಸ್ಪತ್ರೆಗಳಿಗೆ ಮಾನ್ಯತೆ ಕೊಡುವ ಜಾಯಿಂಟ್ ಕಮಿಷನ್, ವೈದ್ಯರ ಬೋರ್ಡ್ ಅರ್ಹತೆಯನ್ನು ಪರಿಶೀಲಿಸಲು ಎನ್‌ಬಿಪಿಎಎಸ್‌ನ ದಾಖಲೆಯನ್ನೂ ಬಳಸಬಹುದು ಅಂತ ಒಪ್ಪಿಕೊಂಡಿತು. ‘ನಮಗೆ ಮಾನ್ಯತೆ ಹೋಗುತ್ತದೆ’ ಅನ್ನುವ ಆಸ್ಪತ್ರೆಗಳ ನೆಪಕ್ಕೆ ಇದು ಉತ್ತರ.

ನಮ್ಮ ದೇಶದಲ್ಲೂ ಇದಕ್ಕೆ ಹತ್ತಿರದ ಒಂದು ಅನುಭವ ಇದೆ. ವಿಶ್ವವಿದ್ಯಾಲಯದ ಎಂಡಿ, ಎಂಎಸ್ ಒಂದು ದಾರಿ. ರಾಷ್ಟ್ರೀಯ ಪರೀಕ್ಷಾ ಮಂಡಳಿಯ ಡಿಎನ್‌ಬಿ ಇನ್ನೊಂದು. ಕಾಗದದಲ್ಲಿ ಎರಡೂ ಸಮ. ಆದರೂ ಮೆಡಿಕಲ್ ಕಾಲೇಜಿನ ಬೋಧನಾ ಹುದ್ದೆಗೆ ಹೋದಾಗ ಡಿಎನ್‌ಬಿ ಮಾಡಿದವರು ತಮ್ಮ ಸಮಾನತೆಗಾಗಿ ವರ್ಷಗಟ್ಟಲೆ ಹೋರಾಡಬೇಕಾಯಿತು. ನೇಮಕ ಮಾಡುವವರ ನಿಯಮ ಬದಲಾಗದೆ ಎರಡನೇ ದಾರಿ ಇದ್ದೂ ಇಲ್ಲದಂತೆ ಅನ್ನುವುದು ಅಲ್ಲಿಗೂ ಇಲ್ಲಿಗೂ ಒಂದೇ.

ಹಾಗಾಗಿ ಅಮೆರಿಕದಲ್ಲಿರುವ ನಮ್ಮ ವೈದ್ಯರು ಈ ವಿಷಯದಲ್ಲಿ ಏನು ಮಾಡಬಹುದು ಅಂತ ಕೇಳಿದರೆ, ನಾನು ಮೂರನೇ ಮನವಿಗೆ ಸಹಿ ಹಾಕಿ ಅನ್ನುವುದಿಲ್ಲ. ನಿಮ್ಮ ಆಸ್ಪತ್ರೆಯ ವೈದ್ಯ ಸಿಬ್ಬಂದಿಯ ಬೈಲಾ ತರಿಸಿ ಓದಿ. ಅದರಲ್ಲಿ ಎಬಿಎಂಎಸ್ ಒಂದರ ಹೆಸರೇ ಇದೆಯಾ, ‘ಅಥವಾ ಎನ್‌ಬಿಪಿಎಎಸ್’ ಅಂತ ಇದೆಯಾ ನೋಡಿ. ಬೈಲಾ ತಿದ್ದಲು ಎಷ್ಟು ಮತ ಬೇಕು, ಅರ್ಹತಾ ಸಮಿತಿಯಲ್ಲಿ ಯಾರಿದ್ದಾರೆ, ಸಭೆ ಯಾವಾಗ ಅಂತ ತಿಳಿದುಕೊಳ್ಳಿ. ಸಭೆಗೆ ಹೋಗುವಾಗ ಜಾಯಿಂಟ್ ಕಮಿಷನ್‌ನ ಒಪ್ಪಿಗೆ, ನ್ಯಾಯ ಇಲಾಖೆಯ ಪತ್ರ ಮತ್ತು ಎಬಿಎಂಎಸ್ ಆಯೋಗದ್ದೇ ಶಿಫಾರಸು, ಈ ಮೂರನ್ನೂ ಜೊತೆಗೆ ಒಯ್ಯಿರಿ. ಟೆಕ್ಸಸ್‌ನಲ್ಲಿ ಇರುವವರಿಗೆ ಕೆಲಸ ಇನ್ನೂ ಸುಲಭ. ಅಲ್ಲಿ ಎಂಒಸಿ ಕೇಳುವ ಆಸ್ಪತ್ರೆ, ಯಾವ ಸಭೆಯಲ್ಲಿ ವೈದ್ಯರು ಅದಕ್ಕೆ ಮತ ಹಾಕಿದರು, ಇಲ್ಲವೇ ಯಾವ ಮಾನ್ಯತೆಗಾಗಿ ಅದು ಬೇಕು ಅಂತ ತೋರಿಸಬೇಕಾಗುತ್ತದೆ.